ಆಗೊಮ್ಮೆ ಈಗೊಮ್ಮೆ ಕೈಕೊಡುವ ಕರೆಂಟು: ಹಳೆಯ ಕಾರಿನ ವೈರಿಂಗ್‌ನಲ್ಲಿ ನನ್ನ ಹುಡುಕಾಟ

ಪೂರ್ತಿ ತುಂಡಾದ ವೈರನ್ನು ಹುಡುಕಲು ಟೆಸ್ಟ್ ಲ್ಯಾಂಪ್ (ವೈರಿನಲ್ಲಿ ಕರೆಂಟಿದೆಯೇ ಎಂದು ತೋರಿಸುವ ಬಲ್ಬು) ಹಿಡಿಯಲು ಬರುವ ಯಾರಿಗಾದರೂ ಅರ್ಧ ಗಂಟೆ ಸಾಕು. ಎರಡು ನಿಮಿಷ ಕೈಕೊಟ್ಟು, ಗ್ಯಾರೇಜಿನ ಅಂಗಳ ತಲುಪುವಷ್ಟರಲ್ಲಿ ತಾನಾಗಿಯೇ ಸರಿಹೋಗುವ ಲೂಸ್ ಕಾಂಟ್ಯಾಕ್ಟ್ ಬೇರೆಯೇ ಜಾತಿ. ಮೆಕ್ಯಾನಿಕ್‌ನ ಮುಂದೆ ನಿಂತಿರುವುದು ಸರಿಯಾಗಿರುವ ಕಾರು; ಅದನ್ನು ಎಷ್ಟು ಅಳೆದರೂ ಉತ್ತರ ಸಿಗದು. ಆಗ ಊಹೆಯ ಮೇಲೆ ಬಿಡಿಭಾಗ ಬದಲಾಯಿಸುವ ಕೆಲಸ ಶುರುವಾಗುತ್ತದೆ. ನನ್ನ ಕಾರಿಗೆ ಹಾಗೆ ಪೆಟ್ರೋಲ್ ಪಂಪ್, ಇಗ್ನಿಷನ್ ಕಾಯಿಲ್, ಮೇನ್ ರಿಲೇ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಮೂರೂ ಹೊಸದಾಗಿ ಬಂದವು. ದೋಷ ಮಾತ್ರ ಇದ್ದಲ್ಲೇ ಇತ್ತು.

ನನ್ನದು 2001ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 2000ದ ಏಪ್ರಿಲ್‌ನಲ್ಲಿ ಹೊಸ ಹೊಗೆ ನಿಯಮ ಬಂದ ಮೇಲೆ ಕಾರ್ಬುರೇಟರ್ ಬಿಟ್ಟು ಫ್ಯೂಯಲ್ ಇಂಜೆಕ್ಷನ್‌ಗೆ ಹೊರಳಿದ ಪೀಳಿಗೆಯದು. ಎಂಜಿನ್ನಿನ ಕಂಪ್ಯೂಟರ್ ಇದೆ, ಆದರೆ ಸ್ಕ್ಯಾನರ್ ಚುಚ್ಚಿದರೆ ಎಲ್ಲವನ್ನೂ ಬಾಯಿಬಿಡುವಷ್ಟು ಮಾತುಗಾರ ಅದಲ್ಲ. ವಾಸ ಕರಾವಳಿಯಲ್ಲಿ: ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ, ಬಾನೆಟ್ಟಿನ ಬಿಸಿ ಅರಸಿ ಬರುವ ಇಲಿಗಳು. ವೈರಿಂಗ್ ಕೆಡಲು ಇದಕ್ಕಿಂತ ಅನುಕೂಲದ ಜಾಗ ಬೇಕಿಲ್ಲ.

ದೋಷ ಹೀಗಿತ್ತು. ಬೇಸಗೆಯ ಮಧ್ಯಾಹ್ನ ಶಿರಾಡಿ ಘಾಟಿ ಹತ್ತುವಾಗ ಎಂಜಿನ್ ಏಕಾಏಕಿ ನಿಲ್ಲುತ್ತಿತ್ತು. ಹತ್ತು-ಹದಿನೈದು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಶುರುವಾಗುತ್ತಿತ್ತು. ಎಂಜಿನ್ ನಿಂತರೆ ಬ್ರೇಕಿನ ವ್ಯಾಕ್ಯೂಮ್ ಸಹಾಯ ಒಂದೆರಡು ಸಲ ಒತ್ತುವುದಕ್ಕೆ ಮಾತ್ರ ಉಳಿಯುತ್ತದೆ. ಪವರ್ ಸ್ಟಿಯರಿಂಗ್ ಕೂಡಲೇ ಬಿಗಿಯಾಗುತ್ತದೆ. ಹಿಂದೆ ಟ್ಯಾಂಕರ್ ಲಾರಿ ಇರುವ ಏರುದಾರಿಯಲ್ಲಿ ಇದು ತಮಾಷೆಯ ಮಾತಲ್ಲ.

ಮೊದಲು ನಾನು ಬರೆದಿಡಲು ಶುರುಮಾಡಿದೆ. ನಿಂತಾಗ ಬಿಸಿಲೋ ಮಳೆಯೋ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು, ಏಸಿ ಹಾಕಿತ್ತೇ, ರಸ್ತೆ ಕುಲುಕುತ್ತಿತ್ತೇ. ಬಂದುಹೋಗುವ ವಿದ್ಯುತ್ ದೋಷಗಳಿಗೆ ಹೆಚ್ಚಾಗಿ ನಾಲ್ಕೇ ನೆಪ: ಬಿಸಿ, ನೀರು, ಅಲುಗಾಟ, ಹೊರೆ. ನನ್ನ ಟಿಪ್ಪಣಿಯಲ್ಲಿ ಬಿಸಿ ಮತ್ತು ಹೊರೆ ಎದ್ದು ಕಂಡವು. ಮಳೆಯಲ್ಲಿ ಎಂಜಿನ್ ನಿಂತದ್ದೇ ಇಲ್ಲ. ಇಷ್ಟರಿಂದಲೇ ಒದ್ದೆಯಾಗುವ ಕಪ್ಲರ್‌ಗಳನ್ನೆಲ್ಲ (ವೈರುಗಳನ್ನು ಜೋಡಿಸುವ ಪ್ಲಗ್‌ಗಳು) ಸದ್ಯಕ್ಕೆ ಪಟ್ಟಿಯಿಂದ ಬಿಟ್ಟೆ.

ಮುಂದಿನದು ಎಂಜಿನ್ ನಿಲ್ಲುವ ಆ ಕ್ಷಣದಲ್ಲೇ ಅಳೆಯುವ ಏರ್ಪಾಡು. ಓಡುವ ಕಾರಿನಲ್ಲಿ ಬಾನೆಟ್ ತೆರೆದು ಮಲ್ಟಿಮೀಟರ್ ಹಿಡಿಯಲು ಆಗುವುದಿಲ್ಲವಲ್ಲ! ಹಾಗಾಗಿ ಮೂರು ಎಲ್‌ಇಡಿ ತಂದೆ. ಪ್ರತಿಯೊಂದಕ್ಕೂ 1 ಕಿಲೋಓಮ್ ರೆಸಿಸ್ಟರ್ ಸರಣಿಯಲ್ಲಿ ಬೆಸೆದೆ. 12 ವೋಲ್ಟ್‌ಗೆ ಆಗ ಹರಿಯುವುದು ಸುಮಾರು 10 ಮಿಲಿಆಂಪಿಯರ್ ಮಾತ್ರ. ಫಿಲಮೆಂಟ್ ಬಲ್ಬಿನ ಟೆಸ್ಟ್ ಲ್ಯಾಂಪನ್ನು ಇಲ್ಲಿ ಬಳಸಲಿಲ್ಲ. 5 ವ್ಯಾಟ್ ಬಲ್ಬು 0.4 ಆಂಪಿಯರ್ ಎಳೆಯುತ್ತದೆ, ಕಂಪ್ಯೂಟರಿಗೆ ಸೇರಿದ ಸೂಕ್ಷ್ಮ ತಂತಿಗೆ ಅಪ್ಪಿತಪ್ಪಿ ತಗುಲಿದರೆ ನಷ್ಟ ದೊಡ್ಡದು. ಸರ್ಕಿಟ್ಟಿನಿಂದ ವೈರ್ ಎಳೆದ ಜಾಗದಲ್ಲೇ 1 ಆಂಪಿಯರ್ ಫ್ಯೂಸ್ ಹಾಕಿದೆ. ದೋಷ ಹುಡುಕಲು ಎಳೆದ ವೈರೇ ಎಲ್ಲಿಯೋ ಉಜ್ಜಿ ಶಾರ್ಟ್ ಆದರೆ ಕಾರು ಸುಟ್ಟೀತು.

ಕೆಂಪು ದೀಪವನ್ನು ಇಗ್ನಿಷನ್ ಸ್ವಿಚ್‌ನಿಂದ ಹೊರಬರುವ ವೈರಿಗೆ, ಹಸಿರನ್ನು ಮೇನ್ ರಿಲೇಯ 87ನೆಯ ಪಿನ್ನಿನಿಂದ ಹೊರಡುವ ವೈರಿಗೆ, ಹಳದಿಯನ್ನು ಪೆಟ್ರೋಲ್ ಪಂಪಿಗೆ ಹೋಗುವ ವೈರಿಗೆ ಜೋಡಿಸಿ ಮೂರನ್ನೂ ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದೆ. ಎಂಜಿನ್ ನಿಂತಾಗ ಮೂರೂ ಆರಿದರೆ ದೋಷ ಇಗ್ನಿಷನ್ ಸ್ವಿಚ್ಚಿನಲ್ಲಿ ಅಥವಾ ಅದಕ್ಕೂ ಹಿಂದೆ. ಕೆಂಪು ಉಳಿದು ಮಿಕ್ಕೆರಡು ಆರಿದರೆ ಮೇನ್ ರಿಲೇಯ ಸುತ್ತಮುತ್ತ. ಹಳದಿ ಮಾತ್ರ ಆರಿದರೆ ಪಂಪ್ ರಿಲೇ ಅಥವಾ ಅದಕ್ಕೆ ಕಂಪ್ಯೂಟರ್ ಕೊಡುವ ಆಜ್ಞೆ. ಮೂರೂ ಉರಿಯುತ್ತಿದ್ದರೆ ಅರ್ತ್ (ಕರೆಂಟು ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿಗೆ ವಾಪಸಾಗುವ ದಾರಿ), ಎಂಜಿನ್ ತಿರುಗುತ್ತಿದೆಯೆಂದು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಅಥವಾ ಪೆಟ್ರೋಲೇ ಬಾರದಿರುವುದು. ಒಂದು ಎಚ್ಚರ: ಎಂಜಿನ್ ತಿರುಗುವುದು ನಿಂತರೆ ಕಂಪ್ಯೂಟರ್ ತಾನೇ ಪಂಪನ್ನು ಆಫ್ ಮಾಡುತ್ತದೆ. ಆದ್ದರಿಂದ ಕಾರು ಇನ್ನೂ ಗೇರಿನಲ್ಲಿ ಉರುಳುತ್ತಾ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಿರುವಾಗಲೇ ದೀಪ ನೋಡಬೇಕು. ಓಡಿಸುವವನಿಗೆ ಇದು ಆಗದ ಕೆಲಸ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

ಸಕಲೇಶಪುರಕ್ಕೆ ಇನ್ನೂ ದೂರವಿರುವಾಗಲೇ ಫಲ ಸಿಕ್ಕಿತು. "ಅಪ್ಪಾ, ಕೆಂಪು ಇದೆ, ಹಸಿರು ಹಳದಿ ಎರಡೂ ಆರಿದವು." ಕಾರನ್ನು ಎಡಕ್ಕೆ ಉರುಳಿಸಿ, ಹಜಾರ್ಡ್ ಲೈಟ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಕೀಲಿಯನ್ನು ಆಫ್ ಮಾಡದೆ ಬಾನೆಟ್ ತೆರೆದೆ. ಕೀಲಿಯನ್ನು ಮುಟ್ಟದಿರುವುದು ಮುಖ್ಯ. ಆಫ್ ಮಾಡಿ ಮತ್ತೆ ಆನ್ ಮಾಡಿದರೆ ರಿಲೇ ಮತ್ತೊಮ್ಮೆ ಟಿಕ್ ಎಂದು ಕೂಡಿಕೊಂಡು ಸಾಕ್ಷ್ಯ ಅಳಿಸಿಹೋಗಬಹುದು.

ರಿಲೇಗೆ ನಾಲ್ಕು ಪಿನ್ನು: 30ಕ್ಕೆ ಬ್ಯಾಟರಿಯ ನೇರ ಕರೆಂಟು, 85 ಮತ್ತು 86 ಒಳಗಿನ ಸುರುಳಿಗೆ, 87 ಹೊರದಾರಿ. ಸಾಕೆಟ್ಟಿನ ಹಿಂಬದಿಯಿಂದ ಮಲ್ಟಿಮೀಟರಿನ ಸೂಜಿ ತೂರಿಸಿ ಅಳೆದೆ. 30ರಲ್ಲಿ 12.3 ವೋಲ್ಟ್. ಸುರುಳಿಗೆ ಎರಡೂ ಕಡೆಯಿಂದ ಸರಿಯಾದ ಪೂರೈಕೆ. 87ರ ವೈರಿನಲ್ಲಿ ಮಾತ್ರ 4 ವೋಲ್ಟಿನ ಆಸುಪಾಸು ತೂಗಾಡುವ ಅಂಕಿ. ರಿಲೇಯ ತಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದೆ. "ಹಸಿರು ಬಂತು!" ಎಂದು ಒಳಗಿನಿಂದ ಮಗಳು ಕೂಗಿದಳು.

ರಿಲೇ ಹೊಸದು. ಹಾಗಾದರೆ ಅದು ಕೂರುವ ಸಾಕೆಟ್ಟೇ ಅಪರಾಧಿ. ಎಂಜಿನ್ ಮತ್ತೆ ಓಡತೊಡಗಿದ ಮೇಲೂ 30 ಮತ್ತು 87ರ ವೈರುಗಳ ನಡುವೆ 0.9 ವೋಲ್ಟ್ ಕುಸಿತ ಕಂಡಿತು, ಇರಬೇಕಾದದ್ದು 0.1ರ ಹತ್ತಿರ. ಈ ದಾರಿಯಲ್ಲಿ ಸುಮಾರು 8 ಆಂಪಿಯರ್ ಹರಿಯುತ್ತದೆ. 0.9ನ್ನು 8ರಿಂದ ಗುಣಿಸಿದರೆ 7 ವ್ಯಾಟ್‌ಗೂ ಮಿಕ್ಕಿದ ಶಾಖ, ಅದೂ ಅಕ್ಕಿಕಾಳಿನಷ್ಟು ಜಾಗದಲ್ಲಿ. ಹಿಡಿತ ಸಡಿಲವಾದರೆ ಬಿಸಿ, ಬಿಸಿಯಾದರೆ ಹಿತ್ತಾಳೆಯ ಸ್ಪ್ರಿಂಗ್‌ಗುಣ ಹೋಗಿ ಹಿಡಿತ ಇನ್ನಷ್ಟು ಸಡಿಲ. ಘಾಟಿಯ ಬಿಸಿ ಅದಕ್ಕೆ ಕೊನೆಯ ತಳ್ಳು ಕೊಡುತ್ತಿತ್ತು.

ಮನೆಗೆ ಬಂದು ಬ್ಯಾಟರಿಯ ನೆಗೆಟಿವ್ ಕಳಚಿ ಸಾಕೆಟ್ ಬಿಚ್ಚಿದೆ. 87ರ ಸುತ್ತಲಿನ ಪ್ಲಾಸ್ಟಿಕ್ ಕಂದಾಗಿತ್ತು. ಹಳೆಯ ರಿಲೇಯಿಂದ ಕತ್ತರಿಸಿಟ್ಟ ಒಂದು ಪಿನ್ನನ್ನು ಪ್ರತಿ ತೂತಿಗೂ ತೂರಿಸಿ ಎಳೆದು ನೋಡಿದೆ: ಮೂರರಲ್ಲಿ ಬಿಗಿ, ನಾಲ್ಕನೆಯದರಲ್ಲಿ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ. ಮೀಟರಿಗಿಂತ ಚೆನ್ನಾಗಿ ಬೆರಳಿಗೆ ತಿಳಿಯುವ ಪರೀಕ್ಷೆ ಇದು. ಅಂಥ ಟರ್ಮಿನಲ್ಲನ್ನು (ವೈರಿನ ತುದಿಯಲ್ಲಿ ಪಿನ್ನನ್ನು ಹಿಡಿಯುವ ಲೋಹದ ತುಂಡು) ಇಕ್ಕಳದಿಂದ ಹಿಸುಕಿ ಬಿಗಿ ಮಾಡುವವರಿದ್ದಾರೆ. ಸ್ಪ್ರಿಂಗ್ ಸತ್ತ ಲೋಹಕ್ಕೆ ಅದು ಕೆಲವೇ ದಿನಗಳ ಉಪಚಾರ. ನಾನು ವೈರನ್ನು ಹೊಳೆಯುವ ತಾಮ್ರ ಕಾಣುವವರೆಗೆ ಹಿಂದಕ್ಕೆ ಕತ್ತರಿಸಿ, ಹೊಸ ಟರ್ಮಿನಲ್ ಕ್ರಿಂಪ್ ಮಾಡಿ (ಒತ್ತಿ ಕಚ್ಚಿಸಿ), ಬಿಸಿಗೆ ಕುಗ್ಗಿ ವೈರನ್ನು ಅಪ್ಪುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಬೆಸುಗೆ ಹಾಕಲಿಲ್ಲ. ಬೆಸುಗೆಯ ಸೀಸ ಎಳೆಗಳೊಳಗೆ ಏರಿ ನಿಂತ ಜಾಗದಲ್ಲಿ ವೈರ್ ಗಡುಸಾಗಿ, ಎಂಜಿನ್ನಿನ ನಡುಕಕ್ಕೆ ಅಲ್ಲೇ ಮುರಿಯುತ್ತದೆ. ಒಳ್ಳೆಯ ಕ್ರಿಂಪಿಂಗ್ ಇಕ್ಕಳಕ್ಕೆ ಕೊಟ್ಟ ಹಣ ಆ ಮೂರು ಬಿಡಿಭಾಗಗಳ ಬೆಲೆಯ ಮುಂದೆ ಏನೇನೂ ಅಲ್ಲ.

ಇಷ್ಟಾದ ಮೇಲೆ ಅರ್ತ್‌ಗಳ ಕಡೆ ತಿರುಗಿದೆ, ಏಕೆಂದರೆ ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಮೇಲೇಳುವ ಇನ್ನೊಂದು ಚಾಳಿಯೂ ಕಾರಿಗಿತ್ತು. ಅರ್ತ್ ಕೇಬಲ್ಲನ್ನು ಓಮ್ ಅಳತೆಯಿಂದ ಪರೀಕ್ಷಿಸುವುದು ವ್ಯರ್ಥ. ಹತ್ತಾರು ಎಳೆಗಳಲ್ಲಿ ಒಂದೇ ಉಳಿದಿದ್ದರೂ ಮೀಟರಿನ ಅಲ್ಪ ಕರೆಂಟು ಸಲೀಸಾಗಿ ಹರಿದು ಸೊನ್ನೆಯ ಹತ್ತಿರದ ಅಂಕಿ ತೋರಿಸುತ್ತದೆ. ಹೊರೆ ಕೊಟ್ಟು ವೋಲ್ಟೇಜ್ ಕುಸಿತ ನೋಡಬೇಕು. ಒಂದು ಸೂಜಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿದು ಹೆಂಡತಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಕಂಡದ್ದು 1.1 ವೋಲ್ಟ್, 0.2 ದಾಟಿದರೇ ನನಗೆ ಅನುಮಾನ. ಸೆಲ್ಫ್ ಮೋಟರ್ ನೂರು ಆಂಪಿಯರ್‌ಗೂ ಮೇಲೆ ಎಳೆಯುವಾಗ 0.01 ಓಮ್ ಕೂಡ ಒಂದು ವೋಲ್ಟನ್ನು ನುಂಗುತ್ತದೆ. ಎಂಜಿನ್ನಿನಿಂದ ಕಾರಿನ ಲೋಹದ ಮೈಗೆ ಬರುವ ಅರ್ತ್ ಪಟ್ಟಿಯ ತುದಿ ಹಸಿರು ಪುಡಿಯಾಗಿತ್ತು. ಈ ಪಟ್ಟಿ ಪೂರ್ತಿ ಹೋದರೆ ಕರೆಂಟು ಆಕ್ಸಿಲರೇಟರ್ ಕೇಬಲ್ಲನ್ನೇ ದಾರಿ ಮಾಡಿಕೊಳ್ಳುತ್ತದೆ. ಸೆಲ್ಫ್ ಹೊಡೆದಾಗ ಕೇಬಲ್ ಬಿಸಿಯಾದರೆ ನೇರ ಅರ್ತ್ ನೋಡಿ. ಬಣ್ಣ ಕೆರೆದು, ಹೊಸ ಪಟ್ಟಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ಡ್ಯಾಶ್‌ಬೋರ್ಡಿನ ಹಿಂದಿನ ಅರ್ತ್ ಬೋಲ್ಟನ್ನೂ ಹಾಗೆಯೇ ಶುಚಿಮಾಡಿದ ಮೇಲೆ ಮುಳ್ಳು ತಣ್ಣಗಾಯಿತು.

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುತ್ತಿದ್ದುದೂ ಹಿಂದಿನ ದೀಪದ ಅರ್ತ್ ತುಕ್ಕಿನಿಂದಲೇ. ಅರ್ತ್ ಸಿಗದ ಕರೆಂಟು ಪಕ್ಕದ ಬಲ್ಬಿನ ಫಿಲಮೆಂಟಿನ ಮೂಲಕ ವಾಪಸು ದಾರಿ ಹುಡುಕುತ್ತದೆ. ಹತ್ತು ನಿಮಿಷದ ಕೆಲಸ. ಹಿಂದಿನ ಮಾಲೀಕರು ಹಾಕಿಸಿದ್ದ ಸ್ಟೀರಿಯೊ ಮತ್ತು ಫಾಗ್ ಲ್ಯಾಂಪಿನ ವೈರುಗಳನ್ನು, ಅಂಟು ಕರಗಿದ ಇನ್ಸುಲೇಷನ್ ಟೇಪ್ ಸಮೇತ, ಕಿತ್ತೇ ಹಾಕಿದೆ. ತಿರುಚಿ ಟೇಪ್ ಸುತ್ತಿದ ಜೋಡಣೆಯನ್ನು ದುರಸ್ತಿ ಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ.

ಇನ್ನೂ ಒಂದು ಬಾಕಿ ಇದೆ. ಮಳೆಗಾಲದಲ್ಲಿ ಸೆಂಟ್ರಲ್ ಲಾಕ್ ತನ್ನಷ್ಟಕ್ಕೆ ಟಪ್ಪೆಂದು ಬೀಳುತ್ತದೆ. ಡ್ರೈವರ್ ಬಾಗಿಲ ಕೀಲಿನ ಬಳಿಯ ರಬ್ಬರ್ ಕೊಳವೆಯೊಳಗೆ, ಇಷ್ಟು ವರ್ಷ ಬಾಗಿಲು ತೆರೆದು ಮುಚ್ಚಿ ವೈರಿನ ಹೊರಕವಚ ಬಿರಿದಿರಬೇಕೆಂಬುದು ನನ್ನ ಅನುಮಾನ. ಆದರೆ ಒದ್ದೆಯಿಲ್ಲದೆ ಅದು ಕಾಣಿಸಿಕೊಳ್ಳುವುದಿಲ್ಲ. ಜೂನ್ ಬರುವವರೆಗೆ ಅದನ್ನು ಬಿಚ್ಚುವುದಿಲ್ಲ. ಅಲ್ಲಿಯವರೆಗೆ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡೇ ಇಳಿಯುತ್ತೇನೆ.