ಒಂಬತ್ತನೆಯ ತರಗತಿಯ ಗಣಿತ: ಕೊನೆಯ ಮೂರು ವಾರ ನಾನು ಮಾಡಿಸುವುದು

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಸಂಜೆ ನನ್ನ ಹತ್ತಿರ ಓದಲು ಬರುವವರು ಹೆಚ್ಚಾಗಿ ಕನ್ನಡ, ತುಳು ಮನೆಮಾತಿನ ಮಕ್ಕಳು. ಕಲಿಯುವುದು ಮಹಾರಾಷ್ಟ್ರ ರಾಜ್ಯ ಪಠ್ಯಕ್ರಮ. ವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಇವರ ಅಂಕ ಹೋಗುವುದು ಲೆಕ್ಕ ಬಾರದ್ದಕ್ಕಿಂತ ಹೆಚ್ಚಾಗಿ, ಬರುವ ಲೆಕ್ಕವನ್ನೇ ಕೇಳಿದ ಹಾಗೆ ಬರೆಯದ್ದರಿಂದ. ಹಾಗಾಗಿ ಕೊನೆಯ ಮೂರು ವಾರ ಹೊಸ ಪಾಠ ತೆಗೆಯುವುದಿಲ್ಲ, ಬರೆಸುವುದಷ್ಟೇ.

ಮೊದಲು ಪ್ರಶ್ನೆಪತ್ರಿಕೆಯ ಅಚ್ಚು ಮಕ್ಕಳ ತಲೆಗೆ ಹೋಗಬೇಕು. ಹತ್ತನೆಯದರ ಮಂಡಳಿ ಪರೀಕ್ಷೆಯಲ್ಲಿ ಇರುವಂತೆ ಬೀಜಗಣಿತಕ್ಕೆ 40 ಅಂಕ, ರೇಖಾಗಣಿತಕ್ಕೆ 40, ಒಂದೊಂದಕ್ಕೂ 2 ಗಂಟೆ. ಒಂಬತ್ತನೆಯದಕ್ಕೂ ಶಾಲೆಗಳು ಸಾಮಾನ್ಯವಾಗಿ ಇದನ್ನೇ ಅನುಸರಿಸುತ್ತವೆ. ಮೊದಲ ಪ್ರಶ್ನೆಗೆ 8 ಅಂಕ, ಎರಡನೆಯದಕ್ಕೆ 12, ಮೂರಕ್ಕೆ 9, ನಾಲ್ಕಕ್ಕೆ 8, ಐದಕ್ಕೆ 3. ಅಂದರೆ ಮೊದಲ ಎರಡರಲ್ಲೇ ಅರ್ಧ ಅಂಕ ಕೂತಿದೆ. ಗಣಿತವೆಂದರೆ ಹೆದರುವ ಮಗುವಿಗೆ ಈ ಲೆಕ್ಕ ತೋರಿಸಿದರೆ ಸಾಕು, ಅರ್ಧ ಧೈರ್ಯ ಬರುತ್ತದೆ. ಜಾಣ ಮಕ್ಕಳ ಕಾಯಿಲೆ ಬೇರೆ: ನಾಲ್ಕನೆಯ ಪ್ರಶ್ನೆಯ ಕಠಿಣ ಲೆಕ್ಕಕ್ಕೆ ಮೊದಲೇ ಕೈಹಾಕಿ ಅರ್ಧ ಗಂಟೆ ಕಳೆದುಕೊಳ್ಳುತ್ತಾರೆ. ನಾನು ಹಾಕಿಕೊಟ್ಟಿರುವ ಸಮಯ: ಮೊದಲ ಪ್ರಶ್ನೆಗೆ 15 ನಿಮಿಷ, ಎರಡಕ್ಕೆ 35, ಮೂರಕ್ಕೆ 30, ನಾಲ್ಕಕ್ಕೆ 25, ಐದಕ್ಕೆ 10. ಉಳಿದ ಐದು ನಿಮಿಷ ಪ್ರಶ್ನೆ ಸಂಖ್ಯೆ ಸರಿಯಾಗಿ ಹಾಕಿದ್ದೇವೆಯೇ ಎಂದು ನೋಡಲು.

ಎರಡನೆಯ ಮತ್ತು ಮೂರನೆಯ ಪ್ರಶ್ನೆಯಲ್ಲಿ 'ಕೃತಿ' ಬರುತ್ತದೆ, ಅಂದರೆ ಅರ್ಧ ಬಿಡಿಸಿಟ್ಟ ಲೆಕ್ಕ, ಅದರ ಖಾಲಿ ಚೌಕಗಳನ್ನು ತುಂಬಬೇಕು. ಮಕ್ಕಳು ಚೌಕದೊಳಗಿನ ಉತ್ತರಗಳನ್ನಷ್ಟೇ ಸಾಲಾಗಿ ಬರೆದು ಮುಂದೆ ಹೋಗುತ್ತಾರೆ. ಪತ್ರಿಕೆ ಕೇಳುವುದು ಪೂರ್ಣಗೊಳಿಸಿ ಮತ್ತೆ ಬರೆಯಿರಿ ಎಂದು. ಇಡೀ ಕೃತಿ ಉತ್ತರಪತ್ರಿಕೆಗೆ ಇಳಿಯಬೇಕು. ಬಹು ಆಯ್ಕೆಯದರಲ್ಲಿ ಉಪಪ್ರಶ್ನೆಯ ಸಂಖ್ಯೆ ಹಾಕಿ ಆಯ್ಕೆಯ ಅಕ್ಷರ ಬರೆಯಬೇಕು. ಮಂಡಳಿಯ ಪತ್ರಿಕೆಯಲ್ಲಿ ಮೊದಲು ಬರೆದ ಉತ್ತರವನ್ನಷ್ಟೇ ನೋಡುತ್ತಾರೆ. ಹೊಡೆದುಹಾಕಿ ಕೆಳಗೆ ಇನ್ನೊಂದು ಬರೆದರೆ ಲಾಭವಿಲ್ಲ.

ನಾನು ಹೆಚ್ಚು ಹೊತ್ತು ಕೂರಿಸುವುದು ತ್ರಿಭುಜ ರಚನೆಗೆ. ಸರಿಯಾಗಿ ಕಲಿತರೆ ಅಂಕ ಖಚಿತ, ಆದರೂ ಇಲ್ಲಿಯೇ ಎಡವುತ್ತಾರೆ. ಒಂದು ಉದಾಹರಣೆ: ತ್ರಿಭುಜ ಅಬಕ; ಪಾದ ಬಕ 6 ಸೆಂ.ಮೀ., ಬ ಕೋನ 60 ಡಿಗ್ರಿ, ಅಬ ಮತ್ತು ಅಕ ಕೂಡಿ 9 ಸೆಂ.ಮೀ. ಮೊದಲು ಅಂದಾಜು ಚಿತ್ರ, ಅಳತೆಗಳ ಸಮೇತ. ಆಮೇಲೆ ಪಾದ ಎಳೆದು, ಬ ಬಿಂದುವಿನಿಂದ 60 ಡಿಗ್ರಿಗೆ ಕಿರಣ ಎಳೆದು, ಅದರ ಮೇಲೆ 9 ಸೆಂ.ಮೀ. ದೂರದಲ್ಲಿ ಡ ಗುರುತಿಸಬೇಕು. ಡ ಮತ್ತು ಕ ಸೇರಿಸಿ, ಡಕ ರೇಖೆಯ ಲಂಬಾರ್ಧಕ ಎಳೆದರೆ ಅದು ಬಡ ರೇಖೆಯನ್ನು ಕಡಿಯುವಲ್ಲಿ ಅ ಸಿಗುತ್ತದೆ. ಅ ಬಿಂದು ಆ ಲಂಬಾರ್ಧಕದ ಮೇಲಿರುವುದರಿಂದ ಅಡ ಮತ್ತು ಅಕ ಸಮ. ಹಾಗಾಗಿ ಮೊತ್ತ 9 ಬರುತ್ತದೆ. ಕಾರಣ ತಿಳಿಯದೆ ಹೆಜ್ಜೆಗಳನ್ನು ಬಾಯಿಪಾಠ ಮಾಡಿದವರು ಡಕ ಬಿಟ್ಟು ಬಡ ರೇಖೆಯನ್ನೇ ಅರ್ಧಿಸುತ್ತಾರೆ. ಸ್ಕೇಲ್ ಇಟ್ಟು ನೋಡಿದರೆ ಗೊತ್ತಾಗುತ್ತದೆ: ಅಬ 3.75 ಸೆಂ.ಮೀ. ಹತ್ತಿರ ಬರಬೇಕು, ಹೀಗೆ ಮಾಡಿದವರಿಗೆ 4.5 ಬಂದಿರುತ್ತದೆ. ಮೊತ್ತದ ಬದಲು ಅಬ, ಅಕ ಬಾಹುಗಳ ವ್ಯತ್ಯಾಸ ಕೊಟ್ಟ ಲೆಕ್ಕದಲ್ಲಿ ಇನ್ನೊಂದು ಗುಂಡಿ. ಅಬ ದೊಡ್ಡದಾದರೆ ಡ ಅದೇ ಕಿರಣದ ಮೇಲೆ, ಅಕ ದೊಡ್ಡದಾದರೆ ಬ ದಾಟಿ ಎದುರು ಕಿರಣದ ಮೇಲೆ. ಯಾವ ಬಾಹು ದೊಡ್ಡದೆಂದು ಅಂದಾಜು ಚಿತ್ರದ ಪಕ್ಕದಲ್ಲೇ ಬರೆಸುತ್ತೇನೆ.

ರಬ್ಬರ್ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಚಿತ್ರ ಚೆಂದ ಕಾಣಲಿ ಎಂದು ಮಕ್ಕಳು ಕೈವಾರದ ಕಂಸಗಳನ್ನು ಅಳಿಸಿಬಿಡುತ್ತಾರೆ. ರಚನೆಯ ಗುರುತು ಸ್ಪಷ್ಟವಾಗಿರಲಿ, ಅಳಿಸಬೇಡಿ ಎಂದು ಪತ್ರಿಕೆಯ ಸೂಚನೆಯಲ್ಲೇ ಇರುತ್ತದೆ. ಅದನ್ನು ಓದುವವರು ಯಾರು? ರಚನೆ ಮುಗಿಯುವವರೆಗೆ ರಬ್ಬರ್ ನನ್ನ ಮೇಜಿನ ಮೇಲೆ. ಕೈವಾರದ ತಿರುಪು ಸಡಿಲವಿದ್ದರೆ ಅಳತೆ ನಡುವೆಯೇ ಜಾರುತ್ತದೆ, ಅದನ್ನು ಹಿಂದಿನ ದಿನವೇ ಬಿಗಿ ಮಾಡಬೇಕು. ಪೆನ್ಸಿಲ್ ಚಿಕ್ಕದಿರಲಿ, ಮೊನೆ ಲೋಹದ ಸೂಜಿಯ ಮಟ್ಟಕ್ಕೆ ಬರಲಿ. ಪ್ರಮೇಯಕ್ಕೆ ಆಕೃತಿ ಬೇಕೇ ಬೇಕು. ಆಮೇಲೆ ದತ್ತ, ಸಾಧನೀಯ, ಸಾಧನೆ, ಪ್ರತಿ ಹೇಳಿಕೆಯ ಎದುರು ಕಾರಣ.

ಬೀಜಗಣಿತದಲ್ಲಿ ಎರಡೇ ಮಾತು. ಛೇದದಲ್ಲಿರುವ ವರ್ಗಮೂಲದ ಚಿಹ್ನೆ ಹೋಗಲಾಡಿಸುವಾಗ, ಅಲ್ಲಿ √5−√3 ಇದ್ದರೆ ಗುಣಿಸಬೇಕಾದ್ದು √5+√3. ಗುಣಿಸಿದ ಮೇಲೂ ಛೇದದಲ್ಲಿ ಮೂಲದ ಚಿಹ್ನೆ ಉಳಿದಿದ್ದರೆ ನಡುವಿನ − ಚಿಹ್ನೆಯನ್ನು + ಎಂದು ಬದಲಿಸಿಲ್ಲ ಎಂದೇ ಅರ್ಥ. ಎರಡು ಚರಗಳ ಸಮೀಕರಣದಲ್ಲಿ ಉತ್ತರವನ್ನು ಎರಡೂ ಮೂಲ ಸಮೀಕರಣಗಳಿಗೆ ಹಾಕಿ ತಾಳೆ ನೋಡಬೇಕು. ಎರಡನೆಯ ಚರವನ್ನು ಯಾವ ಸಮೀಕರಣದಿಂದ ತೆಗೆದರೋ ಅದರಲ್ಲೇ ಹಾಕಿದರೆ ತಪ್ಪು ಉತ್ತರವೂ ಸರಿಯೆಂದೇ ಕಾಣುತ್ತದೆ.

ಮೊದಲ ವಾರ ಒಂದೊಂದು ಪ್ರಶ್ನೆಯ ಮಾದರಿ, ಎರಡನೆಯ ವಾರ ಗಡಿಯಾರ ಇಟ್ಟು ಪೂರ್ತಿ ಪತ್ರಿಕೆ, ಮೂರನೆಯ ವಾರ ತಪ್ಪಿದ ಲೆಕ್ಕಗಳಷ್ಟೇ. ತಪ್ಪಿದ್ದನ್ನು ಬೇರೆ ವಹಿಯಲ್ಲಿ ಬರೆಸಿ ಪಕ್ಕದಲ್ಲಿ ಕಾರಣ ಹಾಕಿಸುತ್ತೇನೆ: ಚಿಹ್ನೆ, ನಕಲು, ಓದಿದ್ದೇ ತಪ್ಪು, ಗೊತ್ತಿಲ್ಲ. 'ಗೊತ್ತಿಲ್ಲ' ಇದ್ದಲ್ಲಿ ಮಾತ್ರ ಮತ್ತೆ ಪಾಠ. "ನಂಗೆ ಬರ್ತದೆ ಅಮ್ಮ" ಎಂದು ಪುಸ್ತಕ ತೆರೆದಿಟ್ಟು ಬಿಡಿಸುವವರನ್ನು ನಂಬಬೇಡಿ, ಉತ್ತರ ಮುಚ್ಚಿ ಬರೆಸಿ. ಗಣಿತ ಗೊತ್ತಿಲ್ಲದ ತಾಯ್ತಂದೆಯರೂ ಸಮಯ ನೋಡಬಹುದು, ಕಂಸ ಉಳಿದಿದೆಯೇ, ಕೃತಿ ಪೂರ್ತಿ ಇಳಿದಿದೆಯೇ ಎಂದು ತಪಾಸಣೆ ಮಾಡಬಹುದು. ಅಭ್ಯಾಸಕ್ಕೆ ಬಾಲಭಾರತಿಯ (ರಾಜ್ಯದ ಪಠ್ಯಪುಸ್ತಕ ಸಂಸ್ಥೆ) ಪುಸ್ತಕದಲ್ಲಿ ಪಾಠದ ಕೊನೆಗೆ ಇರುವ 'ಸಂಕೀರ್ಣ ಪ್ರಶ್ನೆಗಳೇ' ಸಾಕು. ಅಂಗಡಿಯ ಮೂರು ಗೈಡ್‌ಗಳ ಗೊಂದಲ ಬೇಡ.

ಇನ್ನೊಂದು, ಮುಂಬಯಿಯವರಿಗೆ ಮಾತ್ರ. ಊರಿಗೆ ಹೋಗುವ ಗಾಡಿಯ ಮುಂಗಡ ಟಿಕೆಟ್ 60 ದಿನ ಮೊದಲೇ ತೆರೆಯುತ್ತದೆ, ಪರೀಕ್ಷೆಯ ವೇಳಾಪಟ್ಟಿ ಅಷ್ಟು ಮುಂಚೆ ಬರುವುದಿಲ್ಲ. 2025ರಲ್ಲಿ ಪರೀಕ್ಷೆ ಏಪ್ರಿಲ್ 25ರವರೆಗೂ ಎಳೆಯಿತು. ಟಿಕೆಟನ್ನು ಏಪ್ರಿಲ್ ಕೊನೆಯ ದಿನಗಳಿಗೇ ತೆಗೆಯಿರಿ.