ಅಮೆರಿಕದ ಕಂಪನಿಗಳ ವೆಲ್‌ನೆಸ್ ಪ್ರೋಗ್ರಾಂ: ಮಲೆನಾಡಿನಿಂದ ಹೋದವರಿಗೆ

ನಮ್ಮ ಕಡೆ ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ, ಅಂದರೆ ಅಕ್ಟೋಬರ್-ನವೆಂಬರ್‌ನಲ್ಲಿ, ಅಮೆರಿಕದ ಹೆಚ್ಚಿನ ಕಂಪನಿಗಳಲ್ಲಿ ಓಪನ್ ಎನ್‌ರೋಲ್‌ಮೆಂಟ್ ನಡೆಯುತ್ತದೆ. ಮುಂದಿನ ವರ್ಷದ ಇನ್ಶೂರೆನ್ಸ್ ಆರಿಸಿಕೊಳ್ಳುವ ಸಮಯ ಅದು. ಆಗ ಬರುವ ರಾಶಿ ಈಮೇಲ್‌ಗಳಲ್ಲಿ ವೆಲ್‌ನೆಸ್ ಪ್ರೋಗ್ರಾಂ, ಅಂದರೆ ನೌಕರರ ಆರೋಗ್ಯಕ್ಕಾಗಿ ಕಂಪನಿ ನಡೆಸುವ ಕಾರ್ಯಕ್ರಮ, ಅಂತಲೂ ಒಂದಿರುತ್ತದೆ. ನಾನು ಅಲ್ಲಿ ಒಂದು ಕಂಪನಿಯ ಬೆನಿಫಿಟ್ಸ್ ವಿಭಾಗದಲ್ಲಿದ್ದು ಈಗ ಶಿವಮೊಗ್ಗಕ್ಕೆ ವಾಪಸ್ ಬಂದಿದ್ದೇನೆ. ಸಾಗರ, ತೀರ್ಥಹಳ್ಳಿ, ಹೊಸನಗರದಿಂದ ಹೋದ ಹುಡುಗ ಹುಡುಗಿಯರು ಡಿಸೆಂಬರ್ ರಜೆಗೆ ಬಂದಾಗ ಕೇಳಿದರೆ, "ಅದೇನೋ ಹೆಜ್ಜೆ ಎಣಿಸೋದು, ನಾನು ಸೇರಿಲ್ಲ" ಅನ್ನುವವರೇ ಜಾಸ್ತಿ. ಅದು ನಿಮ್ಮ ಸಂಬಳದ ಒಂದು ಭಾಗ. ಸುಮ್ನೆ ಯಾಕೆ ಬಿಡಬೇಕು?

ಕಂಪನಿಗೆ ಇದರಲ್ಲಿ ಏನು ಲಾಭ ಅಂತ ಮೊದಲು ತಿಳಿದುಕೊಳ್ಳಿ. ಅಲ್ಲಿನ ದೊಡ್ಡ ಕಂಪನಿಗಳಲ್ಲಿ ಹಲವು ನೌಕರರ ಆಸ್ಪತ್ರೆ ಬಿಲ್ಲನ್ನು ತಮ್ಮ ದುಡ್ಡಿನಿಂದಲೇ ಕಟ್ಟುತ್ತವೆ. ಇನ್ಶೂರೆನ್ಸ್ ಕಂಪನಿ ಕಾಗದಪತ್ರ ನೋಡಿಕೊಳ್ಳುತ್ತದೆ, ಅಷ್ಟೇ. ನಿಮ್ಮ ಶುಗರ್ ಮೊದಲೇ ಗೊತ್ತಾದರೆ ಅವರಿಗೂ ಖರ್ಚು ಕಮ್ಮಿ ಎಂಬುದು ಲೆಕ್ಕ. ಆದರೆ ಆ ಲೆಕ್ಕ ಅಷ್ಟು ಸುಲಭವಾಗಿ ಕೂಡಿಬಂದಿಲ್ಲ. ಇಲಿನಾಯ್ ವಿಶ್ವವಿದ್ಯಾಲಯ 2016ರಲ್ಲಿ ತನ್ನದೇ ಸುಮಾರು 5,000 ನೌಕರರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಕೆಲವರಿಗೆ ಪ್ರೋಗ್ರಾಂ ಕೊಟ್ಟು ಕೆಲವರಿಗೆ ಕೊಡದೆ ನೋಡಿತು. ವೈದ್ಯಕೀಯ ಖರ್ಚಿನಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಹೆಚ್ಚು ಜನ ಆರೋಗ್ಯ ತಪಾಸಣೆ ಮಾಡಿಸಿಕೊಂಡರು, ಆಡಳಿತಕ್ಕೆ ನಮ್ಮ ಆರೋಗ್ಯದ ಕಾಳಜಿ ಇದೆ ಎಂಬ ಭಾವನೆ ಹೆಚ್ಚಿತು. ನನ್ನ ಅನಿಸಿಕೆ ಕೇಳಿದರೆ, ಕಂಪನಿಗೆ ಸಿಗುವ ನಿಜವಾದ ಲಾಭ ಈ ಭಾವನೆಯೇ. ಜನ ಕೆಲಸ ಬಿಟ್ಟು ಹೋಗದೆ ಉಳಿದರೆ ಅದೇನು ಸಣ್ಣ ವಿಷಯವಲ್ಲ.

ನಿಮಗೆ ಸಿಗುವ ಮೊದಲ ಲಾಭ ಸ್ಕ್ರೀನಿಂಗ್. ಆಫೀಸಿನಲ್ಲೋ ಲ್ಯಾಬಿನಲ್ಲೋ ರಕ್ತ ತೆಗೆದು ಶುಗರ್, ಕೊಲೆಸ್ಟರಾಲ್, ಬಿಪಿ, ತೂಕ ನೋಡುತ್ತಾರೆ. ಇಲ್ಲಿ ನಮ್ಮವರು ಗಮನಿಸಬೇಕಾದ ಒಂದು ಮಾತಿದೆ. ವರದಿಯಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 24 ಇದ್ದರೆ ನಾರ್ಮಲ್ ಅಂತ ಹಸಿರು ಬಣ್ಣ ಬಂದಿರುತ್ತದೆ. ಆದರೆ ಏಷ್ಯಾ ಮೂಲದವರಿಗೆ ಶುಗರ್ ತೆಳ್ಳಗಿದ್ದಾಗಲೇ ಬರಬಹುದಾದ್ದರಿಂದ, 23 ಮುಟ್ಟಿದರೆ ಶುಗರ್ ಪರೀಕ್ಷೆಯ ಬಗ್ಗೆ ಯೋಚಿಸಿ ಅಂತ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ನೇ ಹೇಳುತ್ತದೆ. ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 5.7%ರಿಂದ 6.4%ರ ಒಳಗಿದ್ದರೆ ಅದು ಪ್ರೀಡಯಾಬಿಟಿಸ್, ಶುಗರ್ ಕಾಯಿಲೆಯ ಹಿಂದಿನ ಹಂತ. ಬಣ್ಣ ನೋಡಿ ಮುಚ್ಚಿಡಬೇಡಿ, ಅಂಕಿ ನೋಡಿ.

ಇನ್ನು ದುಡ್ಡಿನ ವಿಷಯ. ಬಿಎಂಐ, ಬಿಪಿ ಇಷ್ಟರೊಳಗೆ ಇರಬೇಕು ಎಂಬಂಥ ಗುರಿ ಮುಟ್ಟಿದವರಿಗೆ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡಬಹುದು ಅಂತ ಕಾನೂನು ಇದೆ. ಒಬ್ಬರ ಇನ್ಶೂರೆನ್ಸಿನ ಒಟ್ಟು ಖರ್ಚಿನ 30% ಅದರ ಮಿತಿ, ತಂಬಾಕಿನ ವಿಷಯದಲ್ಲಿ 50%. ವರ್ಷದ ಒಟ್ಟು ಖರ್ಚು 8,000 ಡಾಲರ್ ಅಂದುಕೊಂಡರೆ 30% ಅಂದರೆ 2,400 ಡಾಲರ್. ಕಮ್ಮಿಯೇನಲ್ಲ, ಅಲ್ವಾ? ಗುರಿ ಮುಟ್ಟದಿದ್ದರೆ ಕತೆ ಮುಗಿಯಿತು ಅಂದುಕೊಂಡು ಸುಮ್ಮನಾಗಬೇಡಿ. ಬಿಎಂಐ, ಬಿಪಿಯಂಥ ಅಂಕಿ ಮುಟ್ಟದವರಿಗೆ ಇನ್ನೊಂದು ದಾರಿ ಕೊಡಲೇಬೇಕು: ಒಂದು ಕ್ಲಾಸೋ, ಕೋಚ್ ಜತೆ ಮಾತೋ, ನಿಮ್ಮ ಡಾಕ್ಟರ್ ಹೇಳಿದ ಕ್ರಮವೋ. ಅದನ್ನು ಮುಗಿಸಿದರೆ ರಿಯಾಯಿತಿ ಪೂರ್ತಿ ಸಿಗಬೇಕು. ಎಚ್‌ಆರ್‌ಗೆ ಈಮೇಲ್ ಬರೆದು "ರೀಸನಬಲ್ ಆಲ್ಟರ್ನೇಟಿವ್" ಬೇಕು ಅಂತ ಇದೇ ಪದದಲ್ಲಿ ಕೇಳಿ. ಇದು ಗೊತ್ತಿಲ್ಲದೆ ಹಣ ಕಳೆದುಕೊಳ್ಳುವವರನ್ನು ನೋಡಿದರೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ.

ಎಲೆಅಡಿಕೆ ಹಾಕುವವರಿಗೆ ಒಂದು ಮಾತು. ಫಾರಂನಲ್ಲಿ ಕೇಳುವುದು ಸಾಮಾನ್ಯವಾಗಿ ಟೊಬ್ಯಾಕೊ ಅಂತ, ಬರೀ ಸಿಗರೇಟು ಅಂತಲ್ಲ. ಎಲೆಯ ಜತೆ ಹೊಗೆಸೊಪ್ಪು ಇದ್ದರೆ ಪ್ಲಾನಿನ ವಿವರಣೆ ಓದಿ, ಇದ್ದದ್ದನ್ನೇ ಬರೆಯಿರಿ. ಬಿಡಿಸುವ ಕಾರ್ಯಕ್ರಮಕ್ಕೆ ಸೇರಿ ಮುಗಿಸಿದರೂ ರಿಯಾಯಿತಿ ಸಿಗುತ್ತದೆ.

ಗುಟ್ಟಿನ ವಿಷಯ: ಹೆಲ್ತ್ ಪ್ಲಾನಿನ ಭಾಗವಾಗಿರುವ ಸ್ಕ್ರೀನಿಂಗ್‌ನಲ್ಲಿ ಕಂಪನಿಗೆ ಹೋಗುವುದು ಸಾಮಾನ್ಯವಾಗಿ ಎಲ್ಲರದನ್ನೂ ಕೂಡಿಸಿದ ಅಂಕಿ, ನಿಮ್ಮ ಹೆಸರಿನ ವರದಿ ಅಲ್ಲ. ಅಪ್ಪನಿಗೆ ಶುಗರ್ ಇತ್ತಾ, ಅಜ್ಜಿಗೆ ಹಾರ್ಟ್ ತೊಂದರೆ ಇತ್ತಾ ಅಂತ ಮನೆತನದ ಕಾಯಿಲೆ ಕೇಳಿದರೆ, ಅದಕ್ಕೆ ಉತ್ತರಿಸದೆಯೂ ಬಹುಮಾನ ಪಡೆಯಬಹುದು. ವಂಶವಾಹಿ, ಮನೆತನದ ಕಾಯಿಲೆಯ ಮಾಹಿತಿ ನೋಡಿ ತಾರತಮ್ಯ ಮಾಡಬಾರದು ಎನ್ನುವ 2008ರ ಜೀನಾ ಕಾಯ್ದೆ ಈ ರಕ್ಷಣೆ ಕೊಡುತ್ತದೆ. ಬೇರೆ ಕಂಪನಿಯ ಆ್ಯಪ್‌ಗಳಿಗೆ ಮಾತ್ರ ಈ ರಕ್ಷಣೆ ಅಷ್ಟು ಗಟ್ಟಿಯಿಲ್ಲ, ನೋಡಿ ಒಪ್ಪಿಗೆ ಒತ್ತಿ.

ತಪಾಸಣೆಗೆಂದು ಹೋಗುವ ವರ್ಷಕ್ಕೊಮ್ಮೆಯ ಡಾಕ್ಟರ್ ಭೇಟಿ, ನೆಟ್‌ವರ್ಕ್ ಒಳಗಿನ (ನಿಮ್ಮ ಇನ್ಶೂರೆನ್ಸ್ ಜತೆ ಒಪ್ಪಂದವಿರುವ) ಡಾಕ್ಟರ್ ಆದರೆ, ಹೆಚ್ಚಿನ ಪ್ಲಾನ್‌ಗಳಲ್ಲಿ ಉಚಿತ. ನಮ್ಮ ಅಭ್ಯಾಸ ಏನು? ಹೇಗೂ ಬಂದಾಯಿತಲ್ಲ ಅಂತ ಮಂಡಿನೋವು, ತಲೆನೋವು, ಗ್ಯಾಸ್ ಎಲ್ಲಾ ಒಟ್ಟಿಗೆ ಹೇಳಿಬಿಡುತ್ತೇವೆ. ಅಲ್ಲಿ ಹಾಗೆ ಹೇಳಿದರೆ ಅದು ಬೇರೆ ಚಿಕಿತ್ಸೆಯ ಭೇಟಿ ಅಂತ ಎಣಿಕೆಯಾಗಿ ಮನೆಗೆ ಬಿಲ್ ಬರಬಹುದು. ನೋವಿದ್ದರೆ ಹೇಳಲೇಬೇಕು, ಆದರೆ ಮೊದಲು "ಇದಕ್ಕೆ ಬೇರೆ ಬಿಲ್ ಆಗುತ್ತದಾ" ಅಂತ ಕೇಳಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇಎಪಿ, ಎಂಪ್ಲಾಯಿ ಅಸಿಸ್ಟೆನ್ಸ್ ಪ್ರೋಗ್ರಾಂ. ಒಂದು ಫೋನ್ ನಂಬರ್, ಹಗಲು ರಾತ್ರಿ ಯಾರಾದರೂ ಎತ್ತುತ್ತಾರೆ. ಆಮೇಲೆ ಕೆಲವು ಸಲ ಕೌನ್ಸೆಲರ್ ಜತೆ ಉಚಿತವಾಗಿ ಮಾತಾಡಬಹುದು. ಮಳೆಗಾಲದಲ್ಲಿ ಊರಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗಿ ಅಪ್ಪ ಅಮ್ಮನ ದನಿ ಕೇಳದೆ ನಿದ್ದೆ ಬಾರದ ರಾತ್ರಿಗಳು, ಕೆಲಸ ಹೋಗುವ ಭಯ, ಗಂಡ ಹೆಂಡತಿ ಮನಸ್ತಾಪ, ಯಾವುದಕ್ಕೂ ಆಗುತ್ತದೆ. ಹೆಚ್ಚಿನ ಕಡೆ ಮನೆಯಲ್ಲಿರುವವರಿಗೂ ಇದು ಸಿಗುತ್ತದೆ. ಎಚ್‌4 ವೀಸಾದಲ್ಲಿ (ಕೆಲಸದ ವೀಸಾದವರ ಗಂಡ ಹೆಂಡತಿ ಮಕ್ಕಳಿಗೆ ಕೊಡುವುದು) ದಿನವಿಡೀ ಒಬ್ಬರೇ ಮನೆಯಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ವೀಸಾ ಕೆಲಸಕ್ಕೆ ಅಂಟಿಕೊಂಡಿರುವಾಗ ಮ್ಯಾನೇಜರ್‌ಗೆ ಗೊತ್ತಾದರೆ ಎಂಬ ಹೆದರಿಕೆ ನನಗೆ ಅರ್ಥವಾಗುತ್ತದೆ. ನೀವಾಗಿಯೇ ಕರೆ ಮಾಡಿದಾಗ ಮಾತು ಗುಟ್ಟಾಗಿಯೇ ಇರುತ್ತದೆ, ಜೀವಕ್ಕೆ ಅಪಾಯವಿರುವಂಥ ಸಂದರ್ಭ ಬಿಟ್ಟು. ಆ ನಂಬರನ್ನು ನಿಮ್ಮ ಫೋನಿನಲ್ಲೂ ಮನೆಯವರ ಫೋನಿನಲ್ಲೂ ಇವತ್ತೇ ಹಾಕಿಡಿ.

ಕೊನೆಗೆ ತೆರಿಗೆ. ಬಹುಮಾನವಾಗಿ ಬಂದ ಗಿಫ್ಟ್ ಕಾರ್ಡ್, ಜಿಮ್‌ಗೆ ಕೊಟ್ಟ ನಗದು ನಿಮ್ಮ ಆದಾಯಕ್ಕೆ ಸೇರುತ್ತದೆ. ಅದೇ ಹಣ ಎಚ್‌ಎಸ್‌ಎ ಖಾತೆಗೆ, ಅಂದರೆ ಆಸ್ಪತ್ರೆ ಖರ್ಚಿಗೆಂದು ಕೂಡಿಡುವ ಖಾತೆಗೆ, ಬಂದರೆ ಫೆಡರಲ್ ತೆರಿಗೆ ಇಲ್ಲ, ಕೆಲಸ ಬಿಟ್ಟರೂ ಅದು ನಿಮ್ಮದೇ. ಎರಡರಲ್ಲಿ ಒಂದು ಆರಿಸಿಕೊಳ್ಳಿ ಅಂತ ಇದ್ದರೆ, ಎಚ್‌ಎಸ್‌ಎಗೆ ಟಿಕ್ ಹಾಕಿ.