ಪ್ಲೈಯಂಟ್: ಬಗ್ಗುವುದೋ, ಮಣಿಯುವುದೋ?

ಅನುವಾದದಲ್ಲಿ ಸುಲಭವಾಗಿ ಬಗ್ಗುವ ಎಂಬರ್ಥದ ಇಂಗ್ಲಿಷ್ ಪದ ‘ಪ್ಲೈಯಂಟ್’ ಎದುರಾದರೆ, ನಿಘಂಟು ತೆರೆಯುವ ಮೊದಲು ನಾನು ನೋಡುವುದು ಅದರ ಮುಂದಿನ ನಾಮಪದವನ್ನು. ಬೆತ್ತವಾದರೆ ‘ಬಗ್ಗುವ’ ಸಾಕು. ಚರ್ಮಕ್ಕೆ ‘ಹದವಾದ’, ‘ಮೆದುವಾದ’. ‘ನಮ್ಯ’ ಪಠ್ಯಪುಸ್ತಕಕ್ಕೆ ಸರಿ, ಚಪ್ಪಲಿ ಜಾಹೀರಾತಿಗೆ ಅಲ್ಲ.

ತೊಡಕಿರುವುದು ಮನುಷ್ಯರ ವಿಷಯದಲ್ಲಿ. ‘ಹೇಳಿದಂತೆ ಕೇಳುವ ಮಗು’ ಹೊಗಳಿಕೆ. ‘ಹೇಳಿದಂತೆ ಕೇಳುವ ಅಧಿಕಾರಿ’ ಚುಚ್ಚುಮಾತು. ಮೂಲದಲ್ಲಿ ತಿರಸ್ಕಾರವಿದ್ದು ಕನ್ನಡದಲ್ಲಿ ‘ಹೊಂದಿಕೊಳ್ಳುವ’ ಎಂದು ಬರೆದರೆ ಬೈಗುಳ ಸನ್ಮಾನಪತ್ರವಾಗುತ್ತದೆ. ಅಲ್ಲಿ ‘ತಾಳಕ್ಕೆ ಕುಣಿಯುವ’ ಎಂಬುದೇ ಬೇಕು.

ಕ್ರಿಯಾಪದ ಆರಿಸಲು ನಾಲ್ಕನೆಯ ವಿಭಕ್ತಿಯನ್ನು (‘ಗೆ’, ‘ಕ್ಕೆ’) ಹಚ್ಚಿ ನೋಡುತ್ತೇನೆ. ‘ತಂತಿ ಬಗ್ಗಿತು’ ಎಂದರೆ ಆಕಾರ ಬದಲಾಯಿತು, ಅಷ್ಟೆ. ‘ಬೆದರಿಕೆಗೆ ಬಗ್ಗಲಿಲ್ಲ’ ಎಂದಾಗ ‘ಗೆ’ ಸೇರಿ ಎದುರಿಗೊಬ್ಬ ನಿಂತಂತಾಯಿತು. ‘ಮಣಿ’ಗೆ ಈ ಎದುರಾಳಿ ಇನ್ನೂ ಬೇಕು: ಒತ್ತಡಕ್ಕೆ ಮಣಿದರು, ಹಟಕ್ಕೆ ಮಣಿದರು. ‘ಬಳುಕು’ ಮಾತ್ರ ಬೇರೆ. ಬಳ್ಳಿ ಗಾಳಿಗೆ ಬಳುಕಿದರೂ ಅದು ಶರಣಾಗತಿಯಲ್ಲ, ಗಾಳಿ ನಿಂತರೆ ನೆಟ್ಟಗಾಗುತ್ತದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಗಾದೆಯಲ್ಲಿ ‘ಬಳುಕು’ ಹಾಕಿ ನೋಡಿ, ಗಾದೆಯೇ ಕೆಡುತ್ತದೆ.

ಹೇಳಿದ್ದನ್ನು ಪಾಲಿಸುವುದು ಎಂಬರ್ಥದ ‘ಕಂಪ್ಲಯನ್ಸ್’ ಅನ್ನು ಪ್ಲೈಯಂಟ್‌ನ ಅಣ್ಣತಮ್ಮ ಎಂದುಕೊಳ್ಳುವವರು ಬಹಳ. ಪ್ಲೈಯಂಟ್, ಪ್ಲೈವುಡ್‌ನ ‘ಪ್ಲೈ’ ಎರಡೂ ಮಡಿಸುವುದು ಎಂಬರ್ಥದ ಲ್ಯಾಟಿನ್ ಮೂಲದವು. ಕಂಪ್ಲಯನ್ಸ್ ಬಂದದ್ದು ತುಂಬುವುದು, ಪೂರೈಸುವುದು ಎಂಬ ಬೇರೆ ಮೂಲದಿಂದ. ಹಾಗಾಗಿ ಕಚೇರಿ ಕಡತದಲ್ಲಿ ಅದು ‘ಅನುಪಾಲನಾ ವರದಿ’. ಅಲ್ಲಿ ಯಾರೂ ಬಗ್ಗಬೇಕಿಲ್ಲ, ಹೇಳಿದ್ದನ್ನು ಪೂರೈಸಿದರಾಯಿತು. ರೋಗಿ ಗುಳಿಗೆ ಸರಿಯಾಗಿ ನುಂಗುವುದಕ್ಕೆ ‘ವಿಧೇಯತೆ’ ಎಂದು ಬರೆದವರನ್ನು ನೋಡಿದ್ದೇನೆ. ‘ಸೂಚನೆ ಪಾಲನೆ’ ಎಂದರೆ ಸಾಕು.

ಶ್ವಾಸಕೋಶದ ಕಂಪ್ಲಯನ್ಸ್‌ಗೆ ಮಾತ್ರ ಹೆಚ್ಚು ಎಚ್ಚರ ಬೇಕು. ಅದು ಇಷ್ಟು ಒತ್ತಡಕ್ಕೆ ಶ್ವಾಸಕೋಶ ಎಷ್ಟು ಹಿಗ್ಗುತ್ತದೆ ಎಂಬ ಅಳತೆ. ಕೈಗೆ ಸುಲಭವಾಗಿ ಸಿಗುವ ‘ಸ್ಥಿತಿಸ್ಥಾಪಕತ್ವ’ ಹಾಕಿದಿರೋ, ಅರ್ಥ ತಲೆಕೆಳಗು: ಅದು ಹಿಗ್ಗಿದ್ದು ಮರಳಿ ಕುಗ್ಗುವ ಗುಣ. ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಎಂಫಿಸೀಮಾ ಕಾಯಿಲೆಯಲ್ಲಿ ಆ ಗುಣ ಕಡಿಮೆಯಾಗಿ ಕಂಪ್ಲಯನ್ಸ್ ಏರುತ್ತದೆ. ಶ್ವಾಸಕೋಶ ಫೈಬ್ರೋಸಿಸ್‌ನಿಂದ, ಅಂದರೆ ಗಾಯದ ಕಲೆಯಂಥ ನಾರು ಬೆಳೆದು, ಬಿರುಸಾದರೆ ಕಂಪ್ಲಯನ್ಸ್ ಇಳಿಯುತ್ತದೆ. ನಾನು ‘ಹಿಗ್ಗುವ ಗುಣ’ ಎಂದು ಬರೆದು, ಮೊದಲ ಸಲ ಬಂದಲ್ಲಿ ಇಂಗ್ಲಿಷ್ ಪದವನ್ನೂ ಕನ್ನಡ ಲಿಪಿಯಲ್ಲಿ ಪಕ್ಕಕ್ಕಿಡುತ್ತೇನೆ.